ಪಾರ್ಕರ್ 51: ಎಷ್ಟು ಒತ್ತಿದರೂ ಚೀಲ ಅರ್ಧವೂ ತುಂಬುತ್ತಿಲ್ಲ, ಹುಡ್ ಬಿಚ್ಚಬೇಕಾ?

ನವನಗರದವ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಎರಡು ಪಾರ್ಕರ್ 51 ಶಾಯಿ ಪೆನ್ನುಗಳಿವೆ, ಎರಡೂ ಏರೋಮೆಟ್ರಿಕ್, ಅಂದರೆ ಪಟ್ಟಿ ಒತ್ತಿ ಒಳಗಿನ ಚೀಲಕ್ಕೆ ಶಾಯಿ ಏರಿಸುವ ಬಗೆ. ಕಪ್ಪು ಬಣ್ಣದ್ದು ಮೇಡ್ ಇನ್ ಇಂಗ್ಲೆಂಡ್, ಅದರದೇನೂ ತಕರಾರಿಲ್ಲ. ಇನ್ನೊಂದು ಬರ್ಗಂಡಿ, ಚಿನ್ನದ ಹೊದಿಕೆಯ ಕ್ಯಾಪ್, ಬ್ಯಾರಲ್ (ಹಿಂದಿನ ಕೊಳವೆ) ಮೇಲೆ ಮೇಡ್ ಇನ್ ಯುಎಸ್‌ಎ, ಅದರ ಪಕ್ಕ 9 ಮತ್ತು ಒಂದು ಚುಕ್ಕೆ. ತೊಂದರೆ ಕೊಡುತ್ತಿರುವುದು ಇದು.

ಪಟ್ಟಿಯನ್ನು ಎಷ್ಟು ಸಲ ಒತ್ತಿದರೂ ಚೀಲದ ಮೂರನೇ ಒಂದು ಭಾಗದಷ್ಟೇ ಶಾಯಿ ಏರುತ್ತದೆ. ಒಂದೂವರೆ ಪುಟಕ್ಕೆ ಖಾಲಿ. ಚೀಲ ಕಂದು ಬಣ್ಣಕ್ಕೆ ತಿರುಗಿದೆ, ಆದರೆ ಮೆತ್ತಗಿದೆ. ಕ್ಯಾಪ್ ಕೂಡ ಸಡಿಲ, ತಲೆಕೆಳಗೆ ಹಿಡಿದರೆ ಜಾರುತ್ತದೆ. ಚೀಲ ಬದಲಿಸಬೇಕಾ, ಹುಡ್ (ನಿಬ್ ಮುಚ್ಚಿರುವ ಮುಂಭಾಗ) ಬಿಚ್ಚಬೇಕಾ? ಬಿಚ್ಚುವುದಾದರೆ ಮತ್ತೆ ಅಂಟಿಸಲು ಏನು ಬಳಸುತ್ತೀರಿ?

ಗುಮ್ಮಟ51, ವಿಜಯಪುರ

ಸರ್, ಹುಡ್ ಮುಟ್ಟಬ್ಯಾಡ್ರಿ, ಇನ್ನೂ ಆ ಹೊತ್ತು ಬಂದಿಲ್ಲ. ಚೀಲನೂ ಬದಲಸಬ್ಯಾಡ್ರಿ. ಅದು ರಬ್ಬರ್ ಅಲ್ಲ, ಪ್ಲಿಗ್ಲಾಸ್ ಅಂತ ಪಾರ್ಕರ್‌ನವ್ರು ಹೆಸರಿಟ್ಟಿದ್ದ ಪ್ಲಾಸ್ಟಿಕ್. ಬಣ್ಣ ಕೆಡ್ತದ, ಆದ್ರ ಎಪ್ಪತ್ತು ವರ್ಷ ಆದ್ರೂ ಮೆತ್ತಗ ಇರ್ತದ. ಮೆತ್ತಗ ಅದ ಅಂದ್ರ ಮುಗೀತು, ಅದರ ಗೊಡವಿ ಬಿಡ್ರಿ.

ಮೊದಲ ನೀರಿನಾಗ ಒಂದು ಪರೀಕ್ಷಾ ಮಾಡ್ರಿ. ಗಾಜಿನ ಲೋಟದಾಗ ನೀರು ತಗೊಂಡು, ಬ್ಯಾರಲ್ ಬಿಚ್ಚಿ, ಹುಡ್ ಅರ್ಧಕ್ಕಿಂತ ಹೆಚ್ಚು ಮುಳುಗೂ ಹಂಗ ಹಿಡಿದು ಪಟ್ಟಿ ಒತ್ರಿ. ಬಿಟ್ಟು ಐದು ಸೆಕೆಂಡ್ ಕಾಯ್ರಿ. ಭಾಳ ಮಂದಿ ಇಲ್ಲೇ ತಪ್ಪತಾರ, ಚೀಲ ಪೂರ್ತಿ ಉಬ್ಬೂಕಿಂತ ಮೊದಲೇ ಮತ್ತ ಒತ್ತತಾರ. ಹಿಂಗ ಆರು ಸಲ ಮಾಡಿ ಗುಳ್ಳಿ ನೋಡ್ರಿ. ಒತ್ತಿದಂಗೆಲ್ಲಾ ಗುಳ್ಳಿ ಬಂದು, ಸಲಸಲಕ್ಕ ಕಡಿಮಿ ಆಗ್ತಾ ಹೋದ್ರ ಎಲ್ಲಾ ಸರಿ ಅದ. ಒಂದೊಂದ ಗುಳ್ಳಿ ತಡದು ತಡದು ಬಂದ್ರ ಕಲೆಕ್ಟರ್‌ನಾಗ (ಹುಡ್ ಒಳಗ ಹೆಚ್ಚಿನ ಶಾಯಿ ಹಿಡಿಯೂ ಸೀಳಿನ ಭಾಗ) ಶಾಯಿ ಗಟ್ಟಿಯಾಗಿ ಕೂತದ. ಮೊದಲನೇ ಒತ್ತಿಗೆ ಭರ್ ಅಂತ ಗುಳ್ಳಿ ಬಂದು, ಎರಡನೇದರಿಂದ ಬರೀ ನೀರೇ ವಾಪಸ್ ಬಂತು ಅಂದ್ರ ಬ್ರೀದರ್ ಟ್ಯೂಬ್ ಅನ್ನೂ ಸಣ್ಣ ನಳಿಗಿ ಮುರದದ.

ಯಾಕಂದ್ರ ಆ ಸಣ್ಣ ನಳಿಗಿ ಚೀಲದ ಕೊನೀತನಕ ಹೋಗಿರ್ತದ. ಪೆನ್ನು ಮುಳ್ಳು (ನಿಬ್) ಕೆಳಗ ಮಾಡಿ ಹಿಡದಾಗ ಶಾಯಿ ಕೆಳಗ, ಗಾಳಿ ಮ್ಯಾಲ. ನಳಿಗಿ ಬಾಯಿ ಗಾಳಿಯೊಳಗ ಇರೂದ್ರಿಂದ ಒತ್ತಿದಾಗ ಗಾಳಿ ಹೊರಗ, ಬಿಟ್ಟಾಗ ಶಾಯಿ ಒಳಗ. ನಳಿಗಿ ಬುಡಕ್ಕ ಮುರದ್ರ ಏರಿದ ಶಾಯಿನೇ ಹೊರಗ ಬೀಳ್ತದ. ನೂರು ಸಲ ಒತ್ರಿ, ಒಂದ ಒತ್ತಿನಷ್ಟ ತುಂಬ್ತದ. ನಿಮ್ಮ ಮೂರನೇ ಒಂದು ಪಾಲಿನ ಲೆಕ್ಕ ಕೇಳಿದ್ರ ಇದೇ ಇರಬೇಕು ಅನಸ್ತದ.

ಶಾಯಿ ಕಟ್ಟಿಕೊಂಡಿದ್ರ ಅಷ್ಟ ಇದನ್ನ ಮಾಡ್ರಿ: 200 ಮಿಲಿ ನೀರಿಗೆ ಲ್ಯಾಬ್ ಅಂಗಡಿಯಾಗ ಸಿಗೂ 25% ಅಮೋನಿಯಾ 5 ಮಿಲಿ, ಪಾತ್ರಿ ತೊಳಿಯೂ ಲಿಕ್ವಿಡ್ ಒಂದ ಹನಿ. ಅದರಾಗ ಇಪ್ಪತ್ತು ಸಲ ಒತ್ತಿ, ರಾತ್ರಿ ನೆನಸಿ, ಮುಂಜಾನೆ ಬರೇ ನೀರಿಲೆ ತೊಳೀರಿ. ಬೋರಿನ ನೀರು ಮಾತ್ರ ಬ್ಯಾಡ್ರಿ, ನಮ್ಮ ಕಡೆ ನೀರಿನ ಸವಳು ಒಣಗಿ ಆ ಸಣ್ಣ ಸಂದಿನಾಗೆಲ್ಲಾ ಕೂಡ್ತದ. ಇನ್ವರ್ಟರ್ ಬ್ಯಾಟರಿಗೆ ಹಾಕೂ ಡಿಸ್ಟಿಲ್ಡ್ ವಾಟರ್ ತಗೋರಿ. ಲೇಬಲ್ ಓದಿ ತಗೋರಿ ಮತ್ತ, ಬಾಜೂಕ ಆಸಿಡ್ ಕ್ಯಾನೂ ಇಟ್ಟಿರ್ತಾರ.

ಕುಂದಾ_ಮತ್ತು_ಕ್ವಿಂಕ್, ಬೆಳಗಾವಿ

ಗುಮ್ಮಟದವರ ಪರೀಕ್ಷೆ ಸರಿ. ಅಮೋನಿಯಾ ವಿಷಯದಲ್ಲಿ ಮಾತ್ರ ಒಪ್ಪಲಾರೆ, ರಾತ್ರಿಯಿಡೀ ಬೇಡ. ಅರ್ಧ ಗಂಟೆ ಸಾಕು, ಆಮೇಲೆ ಸಾದಾ ನೀರಿನಲ್ಲಿ ಎರಡು ದಿನ ಬೇಕಾದರೂ ನೆನೆಸಿ. ಕ್ಯಾಪ್‌ಗಂತೂ ಅದನ್ನು ತಾಗಿಸಲೇಬೇಡಿ, ಅಮೋನಿಯಾ ಹಿತ್ತಾಳೆಯನ್ನು ತಿನ್ನುತ್ತದೆ. ಬಿಸಿನೀರು, ಸ್ಪಿರಿಟ್, ಥಿನ್ನರ್ ಕೂಡ ಬೇಡ. 51ರ ಹುಡ್ ಮತ್ತು ಬ್ಯಾರಲ್ ಲೂಸೈಟ್, ಅಂದರೆ ಅಕ್ರಿಲಿಕ್. ಸ್ಪಿರಿಟ್‌ನಲ್ಲಿ ಅದ್ದಿದರೆ ಮೈಯೆಲ್ಲ ಕೂದಲಿನಂಥ ಬಿರುಕು ಬೀಳುತ್ತದೆ.

ಅಂದಹಾಗೆ 9ರ ಪಕ್ಕ ಒಂದು ಚುಕ್ಕೆ ಎಂದರೆ 1949ರ ಮೂರನೇ ತ್ರೈಮಾಸಿಕ. ವರ್ಷದ ಮೊದಲ ಮೂರು ತಿಂಗಳಿಗೆ ಮೂರು ಚುಕ್ಕೆ, ಆಮೇಲೆ ಪ್ರತಿ ಮೂರು ತಿಂಗಳಿಗೆ ಒಂದೊಂದು ಚುಕ್ಕೆ ಅಳಿಸುತ್ತಿದ್ದರು. ಏರೋಮೆಟ್ರಿಕ್ ಬಂದದ್ದೇ 1948ರಲ್ಲಿ, ಹಾಗಾಗಿ ನಿಮ್ಮದು ಶುರುವಿನ ಪೆನ್ನು. ಆ ಕಾಲದ ಪೆನ್ನಿಗೆ ಬೆಳ್ಳಿಯ ಬ್ರೀದರ್ ಟ್ಯೂಬ್ ಹಾಕುತ್ತಿದ್ದರು, ಪ್ಲಾಸ್ಟಿಕ್ ಬಂದದ್ದು ಆಮೇಲೆ. ಪಾರ್ಕರ್‌ನದೇ ಸೂಪರ್‌ಕ್ರೋಮ್ ಶಾಯಿ ಈ ಬೆಳ್ಳಿಯನ್ನು ತಿಂದುಹಾಕುತ್ತಿತ್ತು. ಮುರಿದಿದ್ದರೆ ಆಶ್ಚರ್ಯವೇನಿಲ್ಲ.

ನವನಗರದವ, ಬಾಗಲಕೋಟೆ

ಪರೀಕ್ಷೆ ಮಾಡಿದೆ. ಮೊದಲ ಒತ್ತಿಗೆ ಗುಳ್ಳೆ ಜೋರಾಗಿ ಬಂತು, ಎರಡನೆಯದರಿಂದ ಆರನೆಯದರವರೆಗೆ ಬರೀ ನೀರು. ಪೆನ್ನು ಅಲ್ಲಾಡಿಸಿದರೆ ಚೀಲದೊಳಗೆ ಏನೋ ಟಿಕ್ ಟಿಕ್ ಅನ್ನುತ್ತದೆ. ಟ್ಯೂಬೇ ಇರಬೇಕು. ಈಗ ಬಿಚ್ಚುವ ಕ್ರಮ ಹೇಳಿ.

ಕುಂದಾ_ಮತ್ತು_ಕ್ವಿಂಕ್, ಬೆಳಗಾವಿ

ಮೊದಲು ಒಂದು ಹಳೆಯ ಹೀರೋ 616 (ಅಗ್ಗದ ಚೀನೀ ಪೆನ್ನು) ಹುಡುಕಿ, ಅದರ ಹುಡ್ ಎರಡು ಸಲ ಬಿಚ್ಚಿ ಹಾಕಿ. ರಚನೆ ಹೆಚ್ಚುಕಡಿಮೆ ಒಂದೇ, ಮುರಿದರೂ ಕರುಳು ಚುರ್ ಅನ್ನುವುದಿಲ್ಲ. ಆದರೆ ಅದರ ಬಿಡಿಭಾಗ ತಂದು 51ಕ್ಕೆ ತುರುಕಲು ಹೋಗಬೇಡಿ, ಅಳತೆ ಕೂಡುವುದಿಲ್ಲ.

51ಕ್ಕೆ ಕೈ ಹಾಕುವ ಮೊದಲು ನಿಬ್ ಹುಡ್‌ನಿಂದ ಎಷ್ಟು ಹೊರಗಿದೆ, ಹುಡ್‌ನ ತುದಿ ನಿಬ್ಬಿನ ಸೀಳಿಗೆ ಹೇಗೆ ಕೂತಿದೆ ಎಂದು ಹತ್ತಿರದಿಂದ ಫೋಟೋ ತೆಗೆದಿಡಿ. ಹುಡ್‌ನ ತಿರುಪಿನ ಮರೆಯನ್ನು ಅರಗು ಹಾಕಿ ಕೂರಿಸಿರುತ್ತಾರೆ. ಹೇರ್ ಡ್ರೈಯರ್ ಹಿಡಿದು, ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತಾ, ಕ್ಲಚ್ ರಿಂಗ್‌ಗೆ (ಹುಡ್ ಮತ್ತು ಬ್ಯಾರಲ್ ನಡುವಿನ ಲೋಹದ ಬಳೆ) ತಾಗಿದ ಕಡೆ ಬಿಸಿ ಮಾಡಿ. ಮುಟ್ಟಿದರೆ ಚುರುಕೆನ್ನಬೇಕು, ಆದರೂ ಹಿಡಿದುಕೊಳ್ಳಲು ಆಗಬೇಕು, ಅಷ್ಟೇ. ಬೆಂಕಿಕಡ್ಡಿ, ಮೇಣದಬತ್ತಿ ಹತ್ತಿರ ತರಬೇಡಿ. ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿದು, ನಿಬ್ ನಿಮ್ಮ ಕಡೆ ಇಟ್ಟುಕೊಂಡು ಹುಡ್ಡನ್ನು ಎಡಕ್ಕೆ ತಿರುಗಿಸಿ. ಬರಲಿಲ್ಲವೋ, ಬಲ ಹಾಕುವ ಬದಲು ಮತ್ತೆ ಬಿಸಿ ಮಾಡಿ. ಹತ್ತು ಸಲ ಆದರೂ ಸರಿ. ಇಕ್ಕಳ ಹಾಕಿದವರ ಪೆನ್ನಿನ ಮೇಲೆ ಹಲ್ಲಿನ ಗುರುತು ಜನ್ಮವಿಡೀ ಉಳಿಯುತ್ತದೆ.

ಹುಡ್ ಬಂದ ಮೇಲೆ ಕ್ಲಚ್ ರಿಂಗ್ ಸಡಿಲಾಗಿ ಜಾರುತ್ತದೆ, ಕೆಳಗೆ ಬಟ್ಟೆ ಹಾಸಿರಿ. ನಿಬ್, ಫೀಡ್ (ನಿಬ್ಬಿಗೆ ಶಾಯಿ ಒಯ್ಯುವ ಭಾಗ), ಕಲೆಕ್ಟರ್ ಒಟ್ಟಿಗೇ ಹೊರಬರುತ್ತವೆ, ಫೀಡ್‌ನ ಹಿಂದಿನ ತೂತಿನಲ್ಲಿ ಮುರಿದ ಟ್ಯೂಬಿನ ಮೋಟು ಇರುತ್ತದೆ. ಚೀಲದಲ್ಲಿ ಬಿದ್ದ ತುಂಡು ತಲೆಕೆಳಗೆ ಮಾಡಿ ತಟ್ಟಿದರೆ ಬರುತ್ತದೆ. ಹೊಸ ಪ್ಲಾಸ್ಟಿಕ್ ಟ್ಯೂಬ್ ಚೀಲದ ಕೊನೆಗೆ 2 ಮಿ.ಮೀ. ಮೊದಲೇ ನಿಲ್ಲುವಂತೆ ಕತ್ತರಿಸಿ. ಗೋಡೆಗೆ ತಾಗಿದರೆ ಬಾಯಿ ಮುಚ್ಚಿ ಮತ್ತೆ ಅದೇ ರೋಗ.

ಮೊದಲು ಅಂಟಿಲ್ಲದೆ ಜೋಡಿಸಿ ನೋಡಿ. ಹುಡ್ ಬಿಗಿಯಾದಾಗ ಅದರ ತುದಿ ನಿಬ್ಬಿನ ಸೀಳಿಗೆ ನೇರ ಬರಬೇಕು. ಬಾರದಿದ್ದರೆ ಬಿಚ್ಚಿ, ಎಷ್ಟು ತಪ್ಪಿದೆಯೋ ಅಷ್ಟು ಕಲೆಕ್ಟರ್ ತಿರುಗಿಸಿ ಮತ್ತೆ ಹಾಕಿ. ಎರಡು ಮೂರು ಸಲಕ್ಕೆ ಕೂರುತ್ತದೆ. ಸರಿಯಾದ ಮೇಲೆ ಮರೆಗೆ ಮಾತ್ರ ತೆಳ್ಳಗೆ ಶೆಲಾಕ್ (ಅರಗು) ಸವರಿ ಬಿಗಿದು, ಒಂದು ದಿನ ಬಿಡಿ. ಫ್ರೆಂಚ್ ಪಾಲಿಶ್ ಮಾಡುವವರು ಕೊಳ್ಳುವ ಅರಗಿನ ಹಳಕು ಪೇಂಟ್ ಅಂಗಡಿಯಲ್ಲಿ ಕೇಳಿ, ಚೂರು ಸ್ಪಿರಿಟ್‌ನಲ್ಲಿ ಜೇನಿನಷ್ಟು ಮಂದವಾಗಿ ಕರಗಿಸಿದರೆ ಆಯಿತು. ಫೆವಿಕ್ವಿಕ್ ಹಾಕಿದರೆ ಮುಂದೆ ಯಾರೂ ಆ ಪೆನ್ನು ಬಿಚ್ಚಲಾರರು. ಅಂಟೇ ಇಲ್ಲದೆ ಬಿಟ್ಟರೆ ಕ್ಲಚ್ ರಿಂಗ್ ಸಂದಿಯಿಂದ ಶಾಯಿ ಒಸರುತ್ತದೆ.

ನಿಬ್ಬಿನ_ಪತ್ತಾರ, ಬೆಳಗಾವಿ

ಕ್ಯಾಪ್ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಕ್ಯಾಪ್ ಒಳಗ ಸ್ಪ್ರಿಂಗಿನ ಬೆರಳು ಅದಾವ, ಅವು ಕ್ಲಚ್ ರಿಂಗ್ ಹಿಡೀತಾವ. ಮೊದಲು ಇಯರ್‌ಬಡ್ ಒದ್ದಿ ಮಾಡಿ ಒಳಗ ತಿರುವಿ ತೆಗೀರಿ, ಒಣ ಶಾಯಿ ಜಿಡ್ಡು ಹೋದ್ರ ಬಿಗಿ ಬರಬಹುದು. ಸ್ಕ್ರೂಡ್ರೈವರ್ ಹಾಕಿ ಬೆರಳು ಬಗ್ಗಸಬ್ಯಾಡ್ರಿ, ಒಂದು ಮುರದ್ರ ಮುಗದಂಗ. ಚಿನ್ನದ ಕ್ಯಾಪ್ ಸರಾಫ್ ಕಟ್ಟಿಗೆ ಒಯ್ದು ಪಾಲಿಶ್ ಹೊಡಸೋದೂ ಬ್ಯಾಡ, ಮ್ಯಾಲಿನ ಹೊದಿಕಿ ತೆಳ್ಳಗ ಇರ್ತೈತಿ. ಕಪ್ಪು ಪೆನ್ನಿನ ಕ್ಯಾಪ್ ಲಸ್ಟ್ರಲಾಯ್ (ಮಂಕು ಹೊಳಪಿನ ಸ್ಟೀಲ್) ಆಗಿದ್ರ ಅದಕ್ಕ ಬ್ರಾಸೋ ತೋರಸಬ್ಯಾಡ್ರಿ, ಅದರ ಮಂಕು ಹೊಳಪು ಹೋಗಿ ಸ್ಟೀಲ್ ಚಮಚದಂಗ ಕಾಣ್ತೈತಿ.

ನವನಗರದವ, ಬಾಗಲಕೋಟೆ

ಕ್ಯಾಪ್ ಒಳಗಿಂದ ಹಸಿರು ಜಿಡ್ಡು ಬಂತು, ಈಗ ಬಿಗಿಯಾಗಿದೆ. ಹುಡ್ ಕೂಡ ನಾಲ್ಕನೇ ಬಿಸಿಗೆ ಬಂತು. ಮುರಿದ ಬೆಳ್ಳಿ ಟ್ಯೂಬಿನ ಪಕ್ಕಕ್ಕೆ ಸೂಜಿಮೊನೆಯಷ್ಟು ತೂತಿದೆ. ಅದು ತುಕ್ಕಿನ ತೂತಾ, ಹೊಸದಕ್ಕೂ ಬೇಕಾ?

ಗುಮ್ಮಟ51, ವಿಜಯಪುರ

ಬೇಕ್ರಿ ಸರ್, ಅದನ್ನ ಬಿಟ್ರ ಕೆಟ್ರಿ. ಪೆನ್ನು ಕಿಸೆದಾಗ ಮುಳ್ಳು ಮ್ಯಾಲ ಮಾಡಿ ನಿಂತಿರ್ತದ, ಅವಾಗ ಟ್ಯೂಬಿನ ಬಾಯಿ ಶಾಯಿಯೊಳಗ ಮುಳುಗಿರ್ತದ. ಬ್ಯಾಸಗಿ ಬಿಸಲಿಗೆ ಚೀಲದಾಗಿನ ಗಾಳಿ ಉಬ್ಬಿದ್ರ ಶಾಯಿ ಟ್ಯೂಬಿನ ಗುಂಟ ಏರಿ ಕ್ಯಾಪಿನಾಗ ಬರ್ತದ. ಆ ತೂತು ಇದ್ರ ಬರೇ ಗಾಳಿ ಅದರಿಂದ ಹೋಗ್ತದ. ಹಳೇ ತುಂಡು ಬಾಜೂಕ ಇಟ್ಟು ಅಳತಿ ಹಿಡೀರಿ, ತೂತು ಚೀಲದ ಬಾಯಿ ಹತ್ರ, ಚೀಲದ ಒಳಗ ಬರಬೇಕು. ತೆಳ್ಳನ ಸೂಜಿ ಕಾಸಿ ಒಂದ ಗೋಡಿಗೆ ಮಾತ್ರ ಚುಚ್ರಿ. ಆರಪಾರ ಆಯ್ತು, ಇಲ್ಲಾ ದೊಡ್ಡದಾಯ್ತು ಅಂದ್ರ ಮತ್ತ ಅರ್ಧ ಚೀಲನೇ ತುಂಬ್ತದ, ಅವಾಗ ಇನ್ನೊಂದು ಟ್ಯೂಬ್ ಕತ್ತರಸಬೇಕಾಗ್ತದ.