‘ಹಿಮ್ಮುಖ’ವೋ ‘ಉಲ್ಟಾ’ವೋ? ಹಡಗಿನ ಡೀಸೆಲ್ ಎಂಜಿನ್ನಿಗೆ ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಹಡಗುಗಳಿಗೆ ಡೀಸೆಲ್ ಎಂಜಿನ್ ಬಂದ ಆರಂಭದ ವರ್ಷಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ರಿವರ್ಸ್’ ಎಂಬ ಒಂದು ಮಾತಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಥಟ್ಟನೆ ಹೊಳೆಯುವುದು ‘ಹಿಮ್ಮುಖ ಚಲನೆ’. ಅದು ಹಡಗಿಗೆ ಒಪ್ಪುತ್ತದೆ, ಎಂಜಿನ್ನಿಗೆ ಒಪ್ಪುವುದಿಲ್ಲ.

1903ರಲ್ಲಿ ನೊಬೆಲ್ ಸೋದರರ ತೈಲ ಸಂಸ್ಥೆಯವರು ರಷ್ಯಾದ ವೋಲ್ಗಾ ನದಿಯ ಎಣ್ಣೆ ಸಾಗಣೆಗೆಂದು ‘ವಂಡಾಲ್’ ಹಡಗನ್ನು ತಂದರು. ಅದರಲ್ಲಿದ್ದದ್ದು 120 ಅಶ್ವಶಕ್ತಿಯ ಮೂರು ಡೀಸೆಲ್ ಎಂಜಿನ್. ಅವು ತಿರುಗುತ್ತಿದ್ದದ್ದು ಒಂದೇ ದಿಕ್ಕಿಗೆ. ಹಾಗಾಗಿ ಎಂಜಿನ್ನಿನಿಂದ ಜನರೇಟರ್, ಜನರೇಟರಿನಿಂದ ಮೋಟಾರ್, ಮೋಟಾರಿನಿಂದ ಪ್ರೊಪೆಲರ್. ಹಡಗು ಹಿಂದಕ್ಕೆ ಹೋಗಬೇಕಾದರೆ ಮೋಟಾರನ್ನಷ್ಟೇ ಎದುರು ದಿಕ್ಕಿಗೆ ತಿರುಗಿಸುತ್ತಿದ್ದರು. 1904ರ ‘ಸಾರ್ಮಾತ್’ನಲ್ಲಿ ಮುಂದಕ್ಕೆ ಹೋಗುವಾಗ ಎಂಜಿನ್ ನೇರವಾಗಿ ಪ್ರೊಪೆಲರಿಗೆ, ಹಿಂದಕ್ಕೆ ಮಾತ್ರ ವಿದ್ಯುತ್ ಮೂಲಕ. 1912ರಲ್ಲಿ ಕೋಪನ್‌ಹೇಗನ್ನಿನಿಂದ ಹೊರಟ ‘ಸೆಲಾಂಡಿಯಾ’ದಲ್ಲಿ ಈ ಬಳಸುದಾರಿ ಇರಲಿಲ್ಲ. ಎಂಜಿನ್ನನ್ನೇ ನಿಲ್ಲಿಸಿ, ಎದುರು ದಿಕ್ಕಿಗೆ ಸುತ್ತುವಂತೆ ಮತ್ತೆ ಸ್ಟಾರ್ಟ್ ಮಾಡುತ್ತಿದ್ದರು. ಮೂರಕ್ಕೂ ‘ಹಿಮ್ಮುಖ’ ಎಂದು ಬರೆದರೆ ಹೇಳಬೇಕಾದ ಸಂಗತಿಯೇ ಅಳಿಸಿಹೋಗುತ್ತದೆ.

ಎಂಜಿನ್ನೇ ಎದುರು ದಿಕ್ಕಿಗೆ ತಿರುಗಬೇಕೆಂದರೆ ವಾಲ್ವುಗಳು ತೆರೆಯುವ ಹೊತ್ತು ಬದಲಾಗಬೇಕು. ಅದಕ್ಕೆಂದೇ ಕ್ಯಾಮ್ ಶಾಫ್ಟ್ ಎಂಬ ಸುತ್ತುವ ದಂಡದ ಮೇಲೆ ಎರಡು ಜತೆ ಕ್ಯಾಮ್ (ವಾಲ್ವನ್ನು ಒತ್ತಿ ತೆರೆಯುವ ಉಬ್ಬು), ಒಂದು ಈ ದಿಕ್ಕಿಗೆ, ಇನ್ನೊಂದು ಆ ದಿಕ್ಕಿಗೆ. ಶಾಫ್ಟನ್ನು ಉದ್ದಕ್ಕೆ ಸರಿಸಿದರೆ ಇನ್ನೊಂದು ಜತೆ ಕೆಲಸಕ್ಕೆ ನಿಲ್ಲುತ್ತದೆ. ಆಮೇಲೆ ಒತ್ತಡದ ಗಾಳಿಯನ್ನು ಸಿಲಿಂಡರಿಗೆ ಬಿಟ್ಟು ಪಿಸ್ಟನ್ನನ್ನು ತಳ್ಳಬೇಕು; ಎಣ್ಣೆ ಹೊತ್ತಿಕೊಂಡ ಮೇಲೆ ಗಾಳಿ ನಿಲ್ಲಿಸಬೇಕು. ಅಂದರೆ ದಿಕ್ಕು ಬದಲಿಸಿದಾಗಲೆಲ್ಲ ಹೊಸದಾಗಿ ಸ್ಟಾರ್ಟ್ ಮಾಡಿದಂತೆಯೇ. ಇಂಥ ಎಂಜಿನ್ನಿರುವ ಹಡಗಿನಲ್ಲಿ ಗಾಳಿ ತುಂಬಿಟ್ಟ ಟ್ಯಾಂಕನ್ನು ಮತ್ತೆ ತುಂಬಿಸದೆ ಹನ್ನೆರಡು ಸಲ ಸ್ಟಾರ್ಟ್ ಮಾಡುವಷ್ಟು ಗಾಳಿ ಇರಲೇಬೇಕೆಂಬ ನಿಯಮ ಇಂದಿಗೂ ಇದೆ.

‘ಅಪ್ರದಕ್ಷಿಣ’ ಎನ್ನೋಣವೆಂದರೆ, ಜೋಡಿ ಪ್ರೊಪೆಲರಿನ ಹಡಗು ಮುಂದಕ್ಕೆ ಹೋಗುವಾಗಲೇ ಸಾಮಾನ್ಯವಾಗಿ ಒಂದು ಪ್ರದಕ್ಷಿಣವಾಗಿ, ಇನ್ನೊಂದು ಅಪ್ರದಕ್ಷಿಣವಾಗಿ ಸುತ್ತುತ್ತದೆ. ‘ಹಿಂಸುತ್ತು’ ಎಂದು ಕಟ್ಟಿ ನೋಡಿದೆ. ಓದಿದ ಕೂಡಲೇ ಕಣ್ಣಿಗೆ ಬೀಳುವುದು ‘ಹಿಂಸೆ’!

ನನ್ನ ಮನಸ್ಸು ಹೋಗುತ್ತಿರುವುದು ‘ಉಲ್ಟಾ’ ಕಡೆಗೆ. ಬೋರ್‌ವೆಲ್ ಪಂಪಿನ ಫೇಸ್ ಅದಲುಬದಲಾದಾಗ ನಮ್ಮೂರಲ್ಲಿ ಯಾರೂ ‘ಮೋಟಾರ್ ರಿವರ್ಸ್ ಹೋಗ್ತಿದೆ’ ಎನ್ನುವುದಿಲ್ಲ, ‘ಉಲ್ಟಾ ತಿರುಗ್ತಿದೆ’ ಎನ್ನುತ್ತಾರೆ. ಲಾರಿಯಾದರೆ ‘ರಿವರ್ಸ್ ತಗೋ’. ಗಾಡಿಯ ನಡೆಗೆ ಒಂದು ಮಾತು, ಯಂತ್ರದ ಸುತ್ತಿಗೆ ಇನ್ನೊಂದು. ನನಗೆ ಬೇಕಾದ ಭೇದ ಜನರ ಬಾಯಲ್ಲಿ ಆಗಲೇ ಇದೆ. ಹಾಗಾಗಿ ಹಡಗಿಗೆ ‘ಹಿಮ್ಮುಖ ಚಲನೆ’, ಎಂಜಿನ್ನಿಗೆ ‘ಉಲ್ಟಾ ಸುತ್ತು’ ಎಂದಿಟ್ಟುಕೊಂಡಿದ್ದೇನೆ. ಉಲ್ಟಾ ಹೊರಗಿನಿಂದ ಬಂದ ಪದವೆಂಬ ಆಕ್ಷೇಪ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಬರಹದಲ್ಲಿ ಹಗುರವಾಗುತ್ತದೆಯೇ ಎಂಬುದಷ್ಟೇ ಅಳುಕು. ‘ಎದುರುಸುತ್ತು’ ಇದಕ್ಕಿಂತ ಮೇಲೇ?

ಇನ್ನೊಂದು ಸಣ್ಣ ವಿಚಾರ. ಸ್ಟಾರ್ಟಿಗೆ ‘ಚಾಲನೆ’ ಎಂದರೆ ಓಡಿಸುವುದೂ ಅದೇ ಆಗುತ್ತದೆ. ‘ಚಾಲೂ ಮಾಡುವ ಗಾಳಿ’ ಎಂದು ಬರೆದಿದ್ದೇನೆ. ಹಳೆಯ ಹಿಟ್ಟಿನ ಗಿರಣಿಗಳಲ್ಲಿ, ಡೀಸೆಲ್ ಪಂಪ್‌ಸೆಟ್ಟಿನ ಹತ್ತಿರ ಕೆಲಸ ಮಾಡಿದವರು ಇಲ್ಲಿದ್ದರೆ, ‘ಹ್ಯಾಂಡಲ್ ಹೊಡೆಯುವುದು’ ಬಿಟ್ಟು ಬೇರೆ ಯಾವ ಮಾತು ಬಳಸುತ್ತಿದ್ದಿರಿ? ಕ್ರ್ಯಾಂಕ್ ಹಗುರವಾಗಿ ಸುತ್ತಲೆಂದು ವಾಲ್ವನ್ನು ಎತ್ತಿ ಹಿಡಿಯುವ ಆ ಪುಟ್ಟ ಲಿವರಿಗೆ ನಿಮ್ಮ ಕಡೆ ಏನೆನ್ನುತ್ತಿದ್ದರು?