‘ಬರಿ ನೆಲ’ ಅಂದರೆ ಯಾವ ನೆಲ?

ಧಾರವಾಡದಲ್ಲಿ ಕೂತು ಕುಮಟಾ ಕಡೆಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲೈಡಾರ್, ಅಂದರೆ ಲೇಸರ್ ಬೆಳಕು ಬಿಟ್ಟು ಮಾಡುವ ಅಳತೆಯಿಂದ ಕರಾವಳಿಯ ಏರುತಗ್ಗುಗಳ ನಕ್ಷೆ ಮಾಡುವ ವಿಷಯ. ಓದುವವರು ಪಂಚಾಯ್ತಿ ಸದಸ್ಯರು, ಮೀನುಗಾರರು. ‘ಬೇರ್ ಅರ್ಥ್’ (bare earth) ಎಂಬಲ್ಲಿ ಗಾಡಿ ನಿಂತಿದೆ.

ವಿಮಾನದಿಂದ ಇಳಿದ ಒಂದೇ ಲೇಸರ್ ಮಿಡಿತ ಮರದ ತುದಿಗೆ ತಾಗಿ ಒಂದಿಷ್ಟು ಹಿಂದಿರುಗುತ್ತದೆ, ಕೊಂಬೆಗೆ ತಾಗಿ ಇನ್ನೊಂದಿಷ್ಟು, ಸಂದಿ ಸಿಕ್ಕರೆ ನೆಲ ಮುಟ್ಟಿ ಉಳಿದದ್ದು. ಹೋಗಿಬರುವ ಹೊತ್ತಿನ ಲೆಕ್ಕ ಒಂದು ನ್ಯಾನೊಸೆಕೆಂಡ್ ತಪ್ಪಿದರೆ ಎತ್ತರ 15 ಸೆಂಟಿಮೀಟರ್ ತಪ್ಪುತ್ತದೆ. ಹೀಗೆ ಸಿಕ್ಕ ಚುಕ್ಕೆಗಳ ರಾಶಿಯಿಂದ ಮರ, ಮನೆ, ಸೇತುವೆಗಳನ್ನು ಸೋಸಿ ತೆಗೆದ ಮೇಲೆ ಉಳಿಯುವುದೇ ಈ ಬೇರ್ ಅರ್ಥ್.

ಮೊದಲು ‘ಬೋಳು ನೆಲ’ ಎಂದು ಬರೆದೆ. ಅಘನಾಶಿನಿ ಅಳಿವೆಯ ನಕ್ಷೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೇಲೆ ಆ ಹೆಸರು ಬಿದ್ದರೆ ಕಾಡು ಕಡಿದಾಗಿದೆ ಎಂದೇ ಓದುತ್ತಾರೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ 1000 ಚದರ ಮೀಟರ್ ಮೀರಿದ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಅಂಚು ಬಿಡಬೇಕು ಎನ್ನುತ್ತದೆ. ಅಂಥ ಜಾಗದಲ್ಲಿ ಒಂದು ವಿಶೇಷಣವೇ ಜಗಳ ತಂದೀತು. ‘ಬರಡು’ ಅಂತೂ ಬೇಡವೇ ಬೇಡ.

ಆಮೇಲೆ ಹೊಳೆದದ್ದು ಮನೆಯ ಮಾತು. ಮಳೆಗಾಲದಲ್ಲಿ ಶಹಾಬಾದಿ ಫರಸಿಯ ಮೇಲೆ ಹಾಗೇ ಉರುಳಿದರೆ, “ಬರಿ ನೆಲದ ಮ್ಯಾಲ ಮಲಗಬ್ಯಾಡೋ, ಚಾಪಿ ಹಾಸ್ಕೋ” ಎಂದು ಒಳಗಿನಿಂದ ಕೂಗು ಬರುತ್ತದೆ. ಚಾಪೆ ಎಲ್ಲೂ ಹೋಗಿಲ್ಲ, ಮೂಲೆಯಲ್ಲಿ ಸುತ್ತಿ ನಿಂತಿದೆ. ಮೇಲಿನ ಹಾಸನ್ನು ಲೆಕ್ಕಕ್ಕೆ ಹಿಡಿಯದೆ ಕಂಡ ನೆಲ. ನನಗೆ ಬೇಕಾದ ಅರ್ಥ ಇದೇ. ಬಿಡಿಸಿ ಬರೆದರೆ ‘ಕೇವಲ ನೆಲ’ ಎಂಬ ಅರ್ಥ ನುಸುಳುತ್ತದೆ, ಹಾಗಾಗಿ ‘ಬರಿನೆಲ’ ಎಂದು ಕೂಡಿಸಿದ್ದೇನೆ.

ಹೀಗೆ ತಾಗಿ ಹಿಂದಿರುಗಿದ ಬೆಳಕಿನ ಒಂದೊಂದು ಪಾಲಿಗೂ ಇಂಗ್ಲಿಷಿನಲ್ಲಿ ‘ರಿಟರ್ನ್’ ಎನ್ನುತ್ತಾರೆ, ಅದರದು ಬೇರೆಯೇ ತಮಾಷೆ. ‘ಕೊನೆಯ ಮರಳಿಕೆ’ ಎಂದು ಬರೆದರೆ, ಕರಡು ನೋಡಿದ ಗೆಳೆಯ ಅಂಚಿನಲ್ಲಿ “ಯಾವ ಮರಳು?” ಎಂದು ಗೀಚಿದ. ನಮ್ಮಲ್ಲಿ ಅದು ಉಸುಕು, ಕರಾವಳಿಯಲ್ಲಿ ಹೊಯ್ಗೆ. ಆಡುಮಾತಿನಲ್ಲಿ ಇಬ್ಬರಿಗೂ ತೊಡಕಿಲ್ಲ, ಆದರೆ ಪುಸ್ತಕದ ಕನ್ನಡ ಓದಿದವರು ಕಡಲದಂಡೆ ಎಂದೊಡನೆ ಮರಳನ್ನೇ ನೆನೆಯುತ್ತಾರೆ. ‘ಪ್ರತಿಫಲನ’ ಎಂದರೆ ಕನ್ನಡಿ ಕಣ್ಣಿಗೆ ಬರುತ್ತದೆ. ಸದ್ಯಕ್ಕೆ ‘ಕೊನೆಯ ಹಿಂಬೆಳಕು’ ಎಂದಿದ್ದೇನೆ, ಮನಸ್ಸಿಗೆ ಪೂರಾ ಒಪ್ಪಿಲ್ಲ. ಕಾಂಡ್ಲಾ ಒತ್ತಾಗಿ ಬೆಳೆದಲ್ಲಿ ಕೊನೆಯದೂ ನೆಲ ಮುಟ್ಟಿರುವುದಿಲ್ಲ, ಬೇರಿಗೋ ಎಲೆಗೋ ತಾಗಿ ಬಂದಿರುತ್ತದೆ. ‘ನೆಲದ ಹಿಂಬೆಳಕು’ ಎಂದು ಚೆಂದ ಮಾಡಲು ಹೋಗದಿರುವುದು ಅದಕ್ಕೇ.

ಇನ್ನು ಗಜನಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಯ ಒಡ್ಡು. ಈ ಕೆಲಸದಲ್ಲಿ ಸೇತುವೆಯನ್ನು ತೆಗೆಯುತ್ತಾರೆ, ಮಣ್ಣಿನ ಏರಿಯನ್ನು ಉಳಿಸುತ್ತಾರೆ. ಆದರೆ ಸೋಸುವ ತಂತ್ರಾಂಶ ಕೆಲವೊಮ್ಮೆ ಸಪೂರ ಒಡ್ಡನ್ನೂ ಕೆರೆದು ಹಾಕಿಬಿಡುತ್ತದೆ. ಆಗ ಕಂಪ್ಯೂಟರಿನಲ್ಲಿ ಉಬ್ಬರದ ಉಪ್ಪುನೀರು ಸೀದಾ ಗದ್ದೆಗೆ ನುಗ್ಗುತ್ತದೆ. ಒಡ್ಡು ಬರಿನೆಲದ ಪಾಲೇ ಎಂದು ಓದುಗರಿಗೆ ಗೊತ್ತಾಗಬೇಕು. ನಮ್ಮ ಎರಿಹೊಲದ ರೈತ ಬದುವನ್ನು ಹೊಲದಿಂದ ಬೇರೆ ಎಂದು ಎಣಿಸುವುದಿಲ್ಲ. ಗಜನಿಯವರ ಮಾತಿನಲ್ಲಿ ಹೇಗೆ? ಕಾಂಡ್ಲಾದ ಬುಡದಲ್ಲಿ ಇಳಿತದ ಹೊತ್ತಿಗೆ ಕಾಣುವ ಕೆಸರುನೆಲಕ್ಕೆ ಹೊನ್ನಾವರ, ಅಂಕೋಲಾ ಕಡೆ ಬೇರೆಯದೇ ಹೆಸರಿದ್ದರೆ ಅದನ್ನೂ ತಿಳಿಸಿ. ಸಿಕ್ಕರೆ ‘ಬರಿನೆಲ’ವನ್ನು ಬಿಡಲು ನನಗೇನೂ ಬೇಸರವಿಲ್ಲ.