ಗೆಜ್ಜೆ ಕಾಲಿಗೆ ಸೆನ್ಸರ್, ಪಕ್ಕದಲ್ಲಿ ದೀಪ: ಪ್ರೊಜೆಕ್ಷನ್ ತಪ್ಪುತ್ತಿದೆ

ಪ್ರಶ್ನೆ: ಭರತನಾಟ್ಯದ ಪುಷ್ಪಾಂಜಲಿ, ಜಪಾನಿನ ಬುಟೊ ನೃತ್ಯ ಒಂದೇ ವೇದಿಕೆಯಲ್ಲಿ. ಕಾಲಿನ ಪ್ರತಿ ತಟ್ಟಿಗೂ ನೆಲದಲ್ಲಿ ಬೆಳಕಿನ ಹೂವೊಂದು ಅರಳಬೇಕು. ಕಾಲಿಗೆ ಇಎಸ್‌ಪಿ32 (ವೈ-ಫೈ ಇರುವ ಪುಟ್ಟ ಚಿಪ್), ಆಕ್ಸಿಲರೋಮೀಟರ್ (ಚಲನೆ ಅಳೆಯುವ ಸೆನ್ಸರ್), ಎದುರಿಗೆ ಕಿನೆಕ್ಟ್ (ಆಳ ಅಳೆಯುವ ಕ್ಯಾಮೆರಾ). ಒಂದೇ ತಟ್ಟಿಗೆ ಎರಡು ಹೂವು ಬರುತ್ತಿವೆ. ದೀಪ ಹಚ್ಚಿದರೆ ಕಿನೆಕ್ಟ್ ಚಿತ್ರದಲ್ಲಿ ತೂತು.

ಉತ್ತರ 1: ಎರಡನೇ ಹೂವು ಗೆಜ್ಜೆಯ ಅದುರಾಟದ್ದು. ಸೆನ್ಸರನ್ನು ಗೆಜ್ಜೆಪಟ್ಟಿಯಿಂದ ಬಿಡಿಸಿ, ಅದರ ಮೇಲ್ಭಾಗದಲ್ಲಿ ಬೇರೆ ಎಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿ. ಪೂಜೆ ಮಾಡಿ ಕಟ್ಟುವ ಗೆಜ್ಜೆಗೆ ಅಂಟು, ತಂತಿ ತಾಗಿಸಲೂಬಾರದು. ಒಂದು ತಟ್ಟು ದಾಖಲಾದ ಮೇಲೆ 100 ಮಿಲಿಸೆಕೆಂಡಿನವರೆಗೆ ಮುಂದಿನದನ್ನು ಲೆಕ್ಕಿಸಬೇಡಿ. 200 ಇಟ್ಟರೆ ಕೆಡುತ್ತದೆ: ನಿಮಿಷಕ್ಕೆ 90 ಅಕ್ಷರದ ಲಯದಲ್ಲಿ ಮೂರನೇ ಕಾಲದ (ಅಕ್ಷರಕ್ಕೆ ನಾಲ್ಕು) ತಟ್ಟುಗಳ ಅಂತರ ಸುಮಾರು 167 ಮಾತ್ರ.

ಉತ್ತರ 2: ದೀಪದ ಜ್ವಾಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸೂಸುತ್ತದೆ, ಕಿನೆಕ್ಟ್ ನೋಡುವುದೂ ಅದನ್ನೇ. ದಯವಿಟ್ಟು ದೀಪ ತೆಗೆದು ಎಲ್‌ಇಡಿ ಇಡಬೇಡಿ. ಕ್ಯಾಮೆರಾವನ್ನೇ ಪಕ್ಕಕ್ಕೆ ಸರಿಸಿ, ದೀಪ ಅದರ ನೋಟದ ಹೊರಗಿರಲಿ. ಧೂಪದ ಹೊಗೆಯೂ ಆಳದ ಅಳತೆ ಕೆಡಿಸುತ್ತದೆ.

ಉತ್ತರ 3: ಬುಟೊಗೆ ತಟ್ಟಿನ ಲೆಕ್ಕ ನಡೆಯದು, ಚಲನೆ ಅಷ್ಟು ನಿಧಾನ. ಮುಂಡದ ವಾಲುವಿಕೆಯನ್ನು ನಿರಂತರವಾಗಿ ಓದಿ ಬೆಳಕಿನ ತೀವ್ರತೆಗೆ ಜೋಡಿಸಿ. ಮುದುಡಿ ಕೂತಾಗ ಕಿನೆಕ್ಟ್ ಕೀಲುಗಳ ಜಾಡು ತಪ್ಪುತ್ತದೆ, ಅಲ್ಲಿಗೆ ಬೆನ್ನಿಗೊಂದು ಸೆನ್ಸರ್ ಕಟ್ಟಿ ಅದನ್ನೇ ನಂಬಿ. ಇನ್ನೊಂದು, ಇಎಸ್‌ಪಿ32ರ ವೈ-ಫೈ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಸಭೆ ತುಂಬಿದಾಗ ಮೊಬೈಲುಗಳ ಗದ್ದಲವಿರುತ್ತದೆ; ಸ್ವಂತ ರೌಟರ್ ವೇದಿಕೆಯ ಹತ್ತಿರವೇ ಇಡಿ.